ಮುರಿದ ರೆಕ್ಕೆಗಳಿಗೆ ಜೀವ ತುಂಬಿದವರು

ಯುದ್ಧದ ಚರಿತ್ರೆಯಲ್ಲಿ ವಿಮಾನ ಹಾರಿಸಿದವರ ಹೆಸರುಗಳು ಸಿಗುತ್ತವೆ. ಅದರ ಇಂಜಿನ್ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದವರ ಹೆಸರುಗಳು ಸಿಗುವುದು ಅಪರೂಪ. ಬೆಂಗಳೂರಿನ ವಿಮಾನ ಕಾರ್ಖಾನೆಯ ಮೊದಲ ಹತ್ತು ವರ್ಷಗಳ ಕಥೆ ಹೀಗೆ ಮರೆಯಲ್ಲೇ ಉಳಿದ ಕೈಗಳ ಕಥೆ.

1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಸ್ಥಾಪಿಸಿದರು. ಅದು ಬೆಂಗಳೂರಿನಲ್ಲಿ ನೆಲೆಯೂರಲು ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ದೂರದೃಷ್ಟಿ ಮುಖ್ಯ ಕಾರಣ. ಸಂಸ್ಥಾನ ಭೂಮಿ ಕೊಟ್ಟಿತು, ಬಂಡವಾಳದಲ್ಲೂ ಪಾಲುದಾರನಾಯಿತು. ಯಂತ್ರಗಳೂ ತಂತ್ರಜ್ಞರೂ ಅಮೆರಿಕದಿಂದ ಬಂದರು. 1941ರಲ್ಲೇ ಇಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಆಕಾಶಕ್ಕೇರಿತು.

ಆದರೆ 1942ರಲ್ಲಿ ಜಪಾನ್ ಬರ್ಮಾವನ್ನು ವಶಪಡಿಸಿಕೊಂಡಾಗ ಪರಿಸ್ಥಿತಿ ಬದಲಾಯಿತು. ಹೊಸ ವಿಮಾನ ಕಟ್ಟುವುದಕ್ಕಿಂತ, ಕೆಟ್ಟ ವಿಮಾನವನ್ನು ಬೇಗ ಸರಿಪಡಿಸಿ ಕಳುಹಿಸುವುದು ತುರ್ತಿನ ಕೆಲಸವಾಯಿತು. ಅದೇ ವರ್ಷ ಸರಕಾರ ಕಾರ್ಖಾನೆಯ ಆಡಳಿತವನ್ನು ವಹಿಸಿಕೊಂಡಿತು. 1943ರಲ್ಲಿ ಅದು ಅಮೆರಿಕದ ಸೇನಾ ವಾಯುಪಡೆಯ ಉಸ್ತುವಾರಿಗೆ ಬಂತು. ಸರಕು ಸಾಗಿಸುವ ಡಕೋಟಾಗಳು, ಬಾಂಬರ್‌ಗಳು, ನೀರಿನ ಮೇಲೆ ಇಳಿಯುವ ಕೆಟಲಿನಾಗಳು ದುರಸ್ತಿಗೆ ಸಾಲುಗಟ್ಟಿದವು. ಇಂದು ನೊರೆ ಮತ್ತು ಬೆಂಕಿಗೆ ಹೆಸರಾಗಿರುವ ಬೆಳ್ಳಂದೂರು ಕೆರೆಯೇ ಅಂದು ಕೆಟಲಿನಾಗಳು ಬಂದಿಳಿಯುತ್ತಿದ್ದ ತಾಣ.

ಈ ದುರಸ್ತಿ ಕೆಲಸ ಸುಲಭದ್ದಾಗಿರಲಿಲ್ಲ. ಡಕೋಟಾ ಮತ್ತು ಕೆಟಲಿನಾ ಎರಡಕ್ಕೂ ಇದ್ದದ್ದು ಪ್ರಾಟ್ ಅಂಡ್ ವಿಟ್ನಿ ಕಂಪೆನಿಯ ಆರ್-1830 ಇಂಜಿನ್. ಎರಡು ಸುತ್ತುಗಳಲ್ಲಿ 14 ಸಿಲಿಂಡರ್‌ಗಳು, ಸುಮಾರು 1,200 ಅಶ್ವಶಕ್ತಿ. ಓವರ್‌ಹಾಲ್ ಎಂದರೆ ಅದನ್ನು ಪೂರ್ತಿ ಬಿಚ್ಚಿ, ಪ್ರತಿ ಭಾಗದ ಸವೆತ ಅಳೆದು, ಬಿರುಕು ಹುಡುಕಿ, ಮತ್ತೆ ಜೋಡಿಸಿ ಓಡಿಸಿ ನೋಡಬೇಕು. ಇಲ್ಲಿ ಕಣ್ತಪ್ಪಿ ಬಿಟ್ಟ ಒಂದು ಬಿರುಕು ಅಲ್ಲಿ ಆಕಾಶದಲ್ಲಿ ಹಲವು ಜೀವಗಳಿಗೆ ಎರವಾಗಬಹುದಿತ್ತು. ಮೊದಲು ವಿಮಾನವನ್ನು ಹತ್ತಿರದಿಂದ ಕಂಡೇ ಇರದ ನಮ್ಮ ಅನೇಕ ಯುವಕರು ಈ ಹೊಣೆಯನ್ನು ಹೊರಲು ಕಲಿತರು.

ಆ ಕಲಿಕೆಯ ಫಲ ಕಂಡದ್ದು ಸ್ವಾತಂತ್ರ್ಯದ ನಂತರ. ಯುದ್ಧಕಾಲದಲ್ಲಿ ಬ್ರಿಟನ್ನಿಗೆ ಎರವಲು ಕೊಟ್ಟಿದ್ದ ಅಮೆರಿಕದ ವಿಮಾನಗಳನ್ನು ಯುದ್ಧ ಮುಗಿದ ಮೇಲೆ ಹಿಂದಿರುಗಿಸಬೇಕಿತ್ತು, ಇಲ್ಲವೇ ನಿರುಪಯುಕ್ತಗೊಳಿಸಬೇಕಿತ್ತು. ಹಾಗಾಗಿ ಕಾನ್ಪುರದಲ್ಲಿದ್ದ ನಾಲ್ಕು ಇಂಜಿನ್‌ಗಳ ಲಿಬರೇಟರ್ ಬಾಂಬರ್‌ಗಳನ್ನು ಬ್ರಿಟಿಷರು ಜಜ್ಜಿ ಕೆಡಿಸಿ ಬಿಟ್ಟುಹೋದರು. ಇತ್ತ ಹೊಸ ದೇಶದ ಬಳಿ ಒಂದೇ ಒಂದು ಭಾರೀ ಬಾಂಬರ್ ಇರಲಿಲ್ಲ. ಕಾಶ್ಮೀರದ ಯುದ್ಧದಲ್ಲಿ ಡಕೋಟಾಗಳಿಂದಲೇ ಬಾಂಬ್ ಉರುಳಿಸಬೇಕಾದ ಸ್ಥಿತಿ ಇತ್ತು.

1948ರಲ್ಲಿ ಬೆಂಗಳೂರಿನ ಕುಶಲಕರ್ಮಿಗಳು ಕಾನ್ಪುರಕ್ಕೆ ಹೋದರು. ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಹಾರುವಷ್ಟರ ಮಟ್ಟಿಗೆ ವಿಮಾನಗಳನ್ನು ಎಬ್ಬಿಸಿ ನಿಲ್ಲಿಸಿದರು. ಲಿಬರೇಟರ್‌ನಲ್ಲಿದ್ದುದೂ ಅದೇ ಆರ್-1830 ಮಾದರಿಯ ಇಂಜಿನ್. ಅದರ ಒಳಗುಟ್ಟು ಅವರಿಗೆ ಯುದ್ಧಕಾಲದಲ್ಲೇ ಕರಗತವಾಗಿತ್ತು. ಹೀಗೆ ತೇಪೆ ಹಾಕಿದ ವಿಮಾನಗಳನ್ನು ಸುಮಾರು 1,500 ಕಿಲೋಮೀಟರ್ ದೂರದ ಬೆಂಗಳೂರಿಗೆ ಹಾರಿಸಿ ತಂದವರು ಕಂಪೆನಿಯ ಪರೀಕ್ಷಾ ಪೈಲಟ್ ಜಮ್ಶೇದ್ ಮುನ್ಷಿ. ಹಾರಾಟದ ಮೋಹವಷ್ಟೇ ಇದ್ದರೆ ಇಂಥ ಸಾಹಸ ಸಾಧ್ಯವಿಲ್ಲ, ನೆಲದ ಮೇಲೆ ದುಡಿದವರ ಕೈಗುಣದ ಮೇಲೆ ನಂಬಿಕೆಯೂ ಬೇಕು. ಇಲ್ಲಿ ಪೂರ್ಣ ದುರಸ್ತಿ ಕಂಡ ವಿಮಾನಗಳಿಂದ 1948ರ ನವೆಂಬರ್‌ನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ರೂಪುಗೊಂಡಿತು. 1951ರಲ್ಲಿ ಬೆಂಗಳೂರಿನಲ್ಲೇ ವಿನ್ಯಾಸಗೊಂಡ ಎಚ್‌ಟಿ-2 ತರಬೇತಿ ವಿಮಾನವನ್ನು ಮೊದಲ ಬಾರಿ ಹಾರಿಸಿದವರೂ ಇದೇ ಮುನ್ಷಿ.

ಗುಜರಿಯೆಂದು ಬಿಟ್ಟುಹೋದ ಲಿಬರೇಟರ್‌ಗಳು 1968ರವರೆಗೆ ಭಾರತದಲ್ಲಿ ಸೇವೆ ಸಲ್ಲಿಸಿದವು. ಅಷ್ಟರಲ್ಲಿ ಅವನ್ನು ತಯಾರಿಸಿದ ಅಮೆರಿಕದಲ್ಲೇ ಅವು ದುರ್ಲಭವಾಗಿದ್ದವು. ಹೀಗಾಗಿ ಬ್ರಿಟನ್, ಅಮೆರಿಕ ಮತ್ತು ಕೆನಡಾದ ವಸ್ತುಸಂಗ್ರಹಾಲಯಗಳು ಭಾರತದಿಂದ ಲಿಬರೇಟರ್‌ಗಳನ್ನು ತರಿಸಿಕೊಂಡವು. ಬ್ರಿಟಿಷರು ತಾವೇ ಜಜ್ಜಿ ಕೆಡಿಸಿದ್ದ ವಿಮಾನಗಳಲ್ಲೊಂದು ಅವರ ವಾಯುಪಡೆಯ ಸಂಗ್ರಹಾಲಯಕ್ಕೆ ಗೌರವದಿಂದ ಮರಳಿತು.

ಸ್ವಾವಲಂಬನೆಯ ಮಾತು ಬಂದಾಗ ನಾವು ಹೊಸ ವಿಮಾನಗಳ ಮೊದಲ ಹಾರಾಟವನ್ನಷ್ಟೇ ನೆನೆಯುತ್ತೇವೆ. ಅದಕ್ಕೂ ಮೊದಲು ಬೇರೆಯವರ ಮುರಿದ ವಿಮಾನಗಳನ್ನು ಸರಿಪಡಿಸುತ್ತಾ ಒಂದು ತಲೆಮಾರು ವಿದ್ಯೆ ಗಳಿಸಿತ್ತು. ಹೆಸರುಳಿಯದ ಆ ಫಿಟ್ಟರ್‌ಗಳೂ ಮೆಕ್ಯಾನಿಕ್‌ಗಳೂ ನಮ್ಮ ವಿಮಾನೋದ್ಯಮದ ಮೊದಲ ಗುರುಗಳು.