ಮಸೀದಿಯ ಮೆಟ್ಟಿಲ ಮೇಲಿನ ಕಥೆಗಾರ

ಪರದೆಯಿಲ್ಲ, ವೇಷವಿಲ್ಲ. ಒಬ್ಬನೇ ವ್ಯಕ್ತಿ ಕುಳಿತಲ್ಲೇ ಕಥೆ ಹೇಳಿ ಜನರನ್ನು ತಾಸುಗಟ್ಟಲೆ ಹಿಡಿದು ಕೂರಿಸುವ ಕಲೆ ನಮಗೆ ಹೊಸದಲ್ಲ. ಹರಿಕಥೆ ಕೇಳಿ ಬೆಳೆದ ನಾಡು ನಮ್ಮದು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಬಂತೆಂದರೆ ಹಿಂದೂ-ಮುಸ್ಲಿಮರು ಕೂಡಿಯೇ ಕರ್ಬಲಾದ ಕಥೆಯನ್ನು ರಿವಾಯತ್ ಪದಗಳಾಗಿ ಹಾಡುತ್ತಾರೆ. ಆದರೆ ಉರ್ದುವಿನ ದಾಸ್ತಾನ್‌ಗೋಯಿ ಎಂಬ ಕಥನಕಲೆ ಸತ್ತು ಮತ್ತೆ ಹುಟ್ಟಿದ ವೃತ್ತಾಂತ ನಮ್ಮಲ್ಲಿ ಅನೇಕರಿಗೆ ತಿಳಿಯದು.

ದಾಸ್ತಾನ್ ಎಂದರೆ ದೀರ್ಘ ಕಥೆ. ಅದನ್ನು ಹೇಳುವವನು ದಾಸ್ತಾನ್‌ಗೋ. ಇವುಗಳಲ್ಲಿ ಹೆಸರಾದದ್ದು ಅಮೀರ್ ಹಮ್ಜಾನ ದಾಸ್ತಾನ್. ಹಮ್ಜಾ ಪ್ರವಾದಿಯವರ ಚಿಕ್ಕಪ್ಪನ ಹೆಸರು. ಆದರೆ ಕಥೆ ಮಾತ್ರ ಚರಿತ್ರೆಯಲ್ಲ. ಮಾಂತ್ರಿಕರು, ಪರಿಗಳು, ವೇಷ ಮರೆಸುವ ಚತುರ ಅಯ್ಯಾರರು ತುಂಬಿದ ಶುದ್ಧ ಕಲ್ಪನೆ ಅದು. ಇರಾನಿನ ಕಡೆಯಿಂದ ಬಂದ ಈ ಕಥೆಗೆ ಮಾರುಹೋದ ಅಕ್ಬರ್ 16ನೆಯ ಶತಮಾನದಲ್ಲಿ ಅದಕ್ಕೆ ಸುಮಾರು 1400 ಚಿತ್ರಗಳನ್ನು ಬರೆಸಿದ. ಮುಂದಿನ ಶತಮಾನದಲ್ಲಿ ಗೋಲ್ಕೊಂಡದ ಕುತುಬ್‌ಶಾಹಿ ಆಸ್ಥಾನದಲ್ಲೂ ಹಮ್ಜಾನ ಕಥೆಗಾರರಿದ್ದರು. ಹಾಗಾಗಿ ಇದು ದಖ್ಖನಿಗೆ ಅಪರಿಚಿತವಲ್ಲ.

ಅರಮನೆಯ ಕಥೆ ಬೀದಿಗೂ ಇಳಿಯಿತು. ಸರ್ ಸಯ್ಯದ್ ಅಹ್ಮದ್ ಖಾನರು 1847ರ ತಮ್ಮ ‘ಆಸಾರುಸ್ಸನಾದೀದ್’ ಗ್ರಂಥದಲ್ಲಿ ದಿಲ್ಲಿಯ ಜಾಮಾ ಮಸೀದಿಯ ಮೆಟ್ಟಿಲುಗಳನ್ನು ವರ್ಣಿಸುತ್ತ, ಅಲ್ಲಿ ಮೋಢಾ ಹಾಕಿಕೊಂಡು ಕೂರುವ ದಾಸ್ತಾನ್‌ಗೋನನ್ನೂ ಅವನ ಸುತ್ತ ನೆರೆಯುವ ಜನರನ್ನೂ ಕಾಣಿಸಿದ್ದಾರೆ.

1857ರ ದಂಗೆಯ ಬಳಿಕ ಪೋಷಕರು ಮಣ್ಣುಪಾಲಾದರು. ಆಗ ಕಥೆಯನ್ನು ಕಾಪಾಡಿದ್ದು ಲಕ್ನೋದ ಮುನ್ಶಿ ನವಲ್ ಕಿಶೋರರ ಮುದ್ರಣಾಲಯ. ಮುಹಮ್ಮದ್ ಹುಸೇನ್ ಜಾಹ್, ಅಹ್ಮದ್ ಹುಸೇನ್ ಕಮರ್ ಮುಂತಾದ ಕಥೆಗಾರರಿಂದ ಬರೆಸಿ, 1883ರಿಂದ ಮೂರು ದಶಕಗಳಿಗೂ ಹೆಚ್ಚು ಕಾಲ ನಡೆದ ಈ ಕೆಲಸದಲ್ಲಿ 46 ಬೃಹತ್ ಸಂಪುಟಗಳು ಹೊರಬಂದವು. ಮುಸ್ಲಿಂ ಕಥೆಗಾರರ ಬಾಯಿಯ ಮಾತನ್ನು ಹಿಂದೂ ಪ್ರಕಾಶಕರೊಬ್ಬರು ಉಳಿಸಿಕೊಟ್ಟರೆಂಬುದನ್ನು ಇಂದು ನೆನೆಯಲೇಬೇಕು.

ಕಥೆ ಉಳಿಯಿತು, ಕಥೆಗಾರ ಉಳಿಯಲಿಲ್ಲ. ಹೊಸ ವಿದ್ಯೆ ಪಡೆದವರಿಗೆ ದಾಸ್ತಾನ್ ಕಾಡುಹರಟೆಯಾಗಿ ಕಂಡಿತು. ಸುಧಾರಕರಿಗೆ ಉಪಯುಕ್ತ ಸಾಹಿತ್ಯ ಬೇಕಿತ್ತು. ಆಮೇಲೆ ಬಯಸ್ಕೋಪು ಬಂತು. ದಿಲ್ಲಿಯ ಕೊನೆಯ ದೊಡ್ಡ ದಾಸ್ತಾನ್‌ಗೋ ಮೀರ್ ಬಾಕರ್ ಅಲಿ ಅಡಿಕೆ ಮಾರಿ ದಿನ ದೂಡಬೇಕಾಯಿತು. 1928ರಲ್ಲಿ ಅವರು ತೀರಿಕೊಂಡಾಗ ಕಲೆಯೂ ಅವರೊಂದಿಗೆ ಮಣ್ಣಾಯಿತು. ಉಳಿದದ್ದು ಅವರ ಧ್ವನಿಯ ಕೆಲವೇ ನಿಮಿಷಗಳ ಮುದ್ರಿಕೆ.

ವಿಮರ್ಶಕ ಶಂಸುರ್ರಹಮಾನ್ ಫಾರೂಕಿ ಆ 46 ಸಂಪುಟಗಳನ್ನು ಹುಡುಕಿ ಕೂಡಿಸಿದರು. ಬರಹದ ಅಳತೆಗೋಲಿನಿಂದ ಬಾಯಿಮಾತಿನ ಕಲೆಯನ್ನು ಅಳೆಯಬಾರದೆಂದು ವಾದಿಸಿದರು. ಅವರ ಪ್ರೇರಣೆಯಿಂದ ಮಹಮೂದ್ ಫಾರೂಕಿ 2005ರಲ್ಲಿ ದಿಲ್ಲಿಯಲ್ಲಿ ದಾಸ್ತಾನ್ ಹೇಳಿದರು. ಬಿಳಿಯ ಉಡುಪು, ಟೋಪಿ, ನೀರಿನ ಬಟ್ಟಲು, ಇಷ್ಟೇ ಸಲಕರಣೆ. ಹಿಂದೆ ಗಂಡಸರದ್ದೇ ಆಗಿದ್ದ ಗದ್ದುಗೆಯ ಮೇಲೆ ಫೌಜಿಯಾರಂಥ ಹೆಣ್ಣುಮಕ್ಕಳೂ ಕುಳಿತರು. ಹಮ್ಜಾನ ಜೊತೆಗೆ ದೇಶವಿಭಜನೆಯ ನೋವು, ಮಂಟೋನ ಬದುಕು ದಾಸ್ತಾನ್ ಆದವು. ಇತ್ತ ‘ಇಸ್ಮತ್ ಆಪಾ ಕೆ ನಾಮ್’ ಪ್ರಯೋಗದಲ್ಲಿ ನಸೀರುದ್ದೀನ್ ಷಾ, ರತ್ನಾ ಪಾಠಕ್ ಷಾ, ಹೀಬಾ ಷಾ ಒಬ್ಬೊಬ್ಬರಾಗಿ ಇಸ್ಮತ್ ಚುಗ್ತಾಯಿಯವರ ಒಂದೊಂದು ಕಥೆಯನ್ನು ಒಂದೇ ಸಂಜೆ ರಂಗಕ್ಕೆ ತಂದರು.

ಈ ಚರಿತ್ರೆಯಲ್ಲಿ ನಮಗೊಂದು ಎಚ್ಚರಿಕೆಯಿದೆ. ದಾಸ್ತಾನ್‌ಗೋಯಿ ಬಡತನದಿಂದಷ್ಟೇ ಸಾಯಲಿಲ್ಲ. ಓದಿದವರು ಅದನ್ನು ಕೇಳಲು ನಾಚಿಕೊಂಡದ್ದರಿಂದಲೂ ಸತ್ತಿತು. ನಮ್ಮ ಮನೆಗಳ ದಖನಿಯನ್ನು ಕೆಟ್ಟ ಉರ್ದು ಎಂದು ನಾವೇ ಕೀಳಾಗಿ ಕಂಡಿಲ್ಲವೇ? ಶಾಲೆಯ ಉರ್ದು ಒಂದು, ಕನ್ನಡ ಇನ್ನೊಂದು. ನಡುವೆ ದಾದಿ-ನಾನಿಯರ ಕಥೆಗಳಿಗೆ ಜಾಗವೇ ಸಿಗಲಿಲ್ಲ. ದಿಲ್ಲಿಯ ಕಲೆ ಮತ್ತೆ ಎದ್ದು ಕೂತದ್ದು ಅಚ್ಚಿನಲ್ಲಿ 46 ಸಂಪುಟಗಳಿದ್ದುದರಿಂದ. ನಮ್ಮ ಅಜ್ಜಿಯರ ಕಥೆಗಳಲ್ಲಿ ಬಹುಪಾಲು ಇನ್ನೂ ಬರಹಕ್ಕೆ ಬಂದಿಲ್ಲ. ಅವರು ಇರುವಾಗಲೇ ಕೇಳಿ, ದಖನಿಯಲ್ಲೋ ಕನ್ನಡದಲ್ಲೋ ಬರೆದಿಡಬೇಕು. ಅವರು ಹೋದ ಮೇಲೆ ಹುಡುಕಲು ಯಾವ ಸಂಪುಟವೂ ಇರುವುದಿಲ್ಲ.