ಬ್ರಾಂಡಿ, ಕೊನ್ಯಾಕ್, ಅಮೃತ್: ‘ಹಳೆಯದಾದಷ್ಟೂ ಒಳ್ಳೆಯದು, ಶೀತಕ್ಕೂ ಮದ್ದು’ ಎನ್ನುವುದು ನಿಜವೇ?

ಚಳಿಗಾಲ ಶುರುವಾದರೆ ವಾಟ್ಸಾಪ್‌ನಲ್ಲಿ ಎರಡು ಮಾತು ಮತ್ತೆ ಓಡಾಡತೊಡಗುತ್ತವೆ. ಮದ್ಯ ಹಳೆಯದಾದಷ್ಟೂ ಶ್ರೇಷ್ಠ ಎನ್ನುವುದು ಒಂದು. ಶೀತ, ಕೆಮ್ಮಿಗೆ ಎರಡು ಚಮಚ ಬ್ರಾಂಡಿ ಸಾಕು, ಮಕ್ಕಳಿಗೂ ಕೊಡಬಹುದು ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಅರ್ಧ ಸತ್ಯವಿದೆ. ಎರಡನೆಯದು ಅಪಾಯಕಾರಿ. ಎರಡನ್ನೂ ಬಿಡಿಸಿ ನೋಡೋಣ.

ಮೊದಲು ಹೆಸರಿನ ವಿಷಯ. ಹಣ್ಣಿನ ರಸವನ್ನು, ಅದರಲ್ಲೂ ದ್ರಾಕ್ಷಿ ವೈನನ್ನು, ಬಟ್ಟಿ ಇಳಿಸಿದರೆ ಬ್ರಾಂಡಿ. ಫ್ರಾನ್ಸ್‌ನ ಕೊನ್ಯಾಕ್ ಪಟ್ಟಣದ ಸುತ್ತಲಿನ ಗೊತ್ತಾದ ಪ್ರದೇಶದಲ್ಲಿ, ತಾಮ್ರದ ಹಂಡೆಯಲ್ಲಿ ಎರಡು ಸಲ ಬಟ್ಟಿ ಇಳಿಸಿ, ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 2 ವರ್ಷ ಇಟ್ಟದ್ದು ಮಾತ್ರ ಕೊನ್ಯಾಕ್. ನಂಜನಗೂಡು ರಸಬಾಳೆ ಇದ್ದ ಹಾಗೆ. ಬೇರೆ ಊರಿನ ಬಾಳೆಗೆ ಆ ಹೆಸರು ಸಲ್ಲುವುದಿಲ್ಲ. ಹಾಗಾದರೆ ‘ರಷ್ಯನ್ ಕೊನ್ಯಾಕ್’ ಹೇಗೆ? ರಷ್ಯನ್ ಭಾಷೆಯಲ್ಲಿ ದ್ರಾಕ್ಷಿ ಬ್ರಾಂಡಿಗೆಲ್ಲ ಕೊನ್ಯಾಕ್ ಎಂದೇ ಕರೆಯುವುದು ರೂಢಿ. ಅರ್ಮೇನಿಯಾ, ಜಾರ್ಜಿಯಾ, ದಾಗೆಸ್ತಾನದ ಕಿಜ್ಲ್ಯಾರ್‌ನದ್ದೂ ಅಲ್ಲಿ ಕೊನ್ಯಾಕೇ. ಯುರೋಪಿನ ಮಾರುಕಟ್ಟೆಗೆ ಬಂದರೆ ಅದೇ ಪಾನೀಯದ ಚೀಟಿಯ ಮೇಲೆ ಬ್ರಾಂಡಿ ಎಂದಿರಬೇಕು.

ನಮ್ಮಲ್ಲಿ ಗೊಂದಲ ಬೇರೆ ರೀತಿಯದು. ಇಲ್ಲಿ ಕಡಿಮೆ ಬೆಲೆಗೆ ಸಿಗುವ ಬ್ರಾಂಡಿ, ವಿಸ್ಕಿ, ರಮ್ ಮೂರಕ್ಕೂ ಬಹುಪಾಲು ಮೂಲ ಒಂದೇ: ಕಾಕಂಬಿ. ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಆ ಕಪ್ಪು ಪಾಕ ಮಂಡ್ಯ, ಮೈಸೂರು ಕಡೆಯವರಿಗೆ ಹೊಸದೇನಲ್ಲ. ಅದರಿಂದ ತೆಗೆದ ಮದ್ಯಸಾರಕ್ಕೆ ಬಣ್ಣ, ಪರಿಮಳ, ಒಂದಿಷ್ಟು ಅಸಲಿ ಬ್ರಾಂಡಿಯನ್ನೋ ಮಾಲ್ಟನ್ನೋ ಬೆರೆಸುತ್ತಾರೆ. ‘ದ್ರಾಕ್ಷಿಯಿಂದ ಮಾಡಿದ್ದು, ಆರೋಗ್ಯಕ್ಕೆ ಒಳ್ಳೆಯದು’ ಎಂದು ಕೊಂಡುಕೊಳ್ಳುವವರು ಇಲ್ಲೇ ಎಡವುತ್ತಾರೆ.

ಅಮೃತ್ ಕಂಪನಿಯ ಕಥೆಯೂ ಇಲ್ಲಿಂದಲೇ ಆರಂಭ. ರಾಧಾಕೃಷ್ಣ ಜಗದಾಳೆ 1948ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸಂಸ್ಥೆಯಿದು. ಆರಂಭದ ದಿನಗಳಲ್ಲಿ ಅದಕ್ಕೆ ಹೆಸರು ತಂದದ್ದು ಸಿಲ್ವರ್ ಕಪ್ ಬ್ರಾಂಡಿ. ಮುಂದೆ ಮಗ ನೀಲಕಂಠ ರಾವ್ ಜಗದಾಳೆ ಚುಕ್ಕಾಣಿ ಹಿಡಿದರು. 1980ರ ದಶಕದಲ್ಲಿ ಬಾರ್ಲಿಯಿಂದ ಮಾಲ್ಟ್ ವಿಸ್ಕಿ ತೆಗೆಯತೊಡಗಿದರೂ ಅದು ಮಿಶ್ರಣಕ್ಕಷ್ಟೇ ಬಳಕೆಯಾಗುತ್ತಿತ್ತು. ಬರೀ ಬಾರ್ಲಿಯದನ್ನೇ ‘ಸಿಂಗಲ್ ಮಾಲ್ಟ್’ ಎಂದು ಮಾರಲು ಹೊರಟಾಗ ಅವರು ಬಿಡುಗಡೆಗೆ ಆರಿಸಿದ ಊರು ಸ್ಕಾಟ್ಲೆಂಡಿನ ಗ್ಲಾಸ್ಗೋ, 2004ರ ಆಗಸ್ಟ್‌ನಲ್ಲಿ. ಕಾಕಂಬಿಯಿಂದ ಮಾಡಿದ್ದನ್ನು ವಿಸ್ಕಿ ಎಂದು ಮಾರಲು ಯುರೋಪಿನ ನಿಯಮ ಬಿಡುವುದಿಲ್ಲ; ಧಾನ್ಯದಿಂದಲೇ ಮಾಡಿರಬೇಕು, ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಟ್ಟಿರಬೇಕು. ಆ ಪರೀಕ್ಷೆಯನ್ನು ಸ್ಕಾಚ್‌ನ ತವರಲ್ಲೇ ಎದುರಿಸಿದ್ದು ಗಟ್ಟಿ ಧೈರ್ಯವೇ ಸರಿ. 2010ರ ಆವೃತ್ತಿಯ ‘ವಿಸ್ಕಿ ಬೈಬಲ್’ನಲ್ಲಿ ಜಿಮ್ ಮರ್ರೆ ಅಮೃತ್ ಫ್ಯೂಷನ್‌ಗೆ ಜಗತ್ತಿನಲ್ಲೇ ಮೂರನೇ ಸ್ಥಾನ ಕೊಟ್ಟ ಮೇಲೆ ಹೆಸರು ಎಲ್ಲೆಡೆ ಹಬ್ಬಿತು.

ಫ್ಯೂಷನ್ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಉತ್ತರ ಭಾರತದ ಬಾರ್ಲಿಯದು ಒಂದು ಮದ್ಯ. ಪೀಟ್ ಎಂಬ ಜೌಗುಮಣ್ಣಿನ ಹೊಗೆಯಲ್ಲಿ ಒಣಗಿಸಿದ ಸ್ಕಾಟ್ಲೆಂಡಿನ ಬಾರ್ಲಿಯದು ಇನ್ನೊಂದು. ಎರಡನ್ನೂ ಬೇರೆ ಬೇರೆ ಮಾಗಿಸಿ, ಆಮೇಲೆ ಕೂಡಿಸುತ್ತಾರೆ. ರುಚಿ ನೋಡುವವರು ಇದರಲ್ಲಿ ಸುಟ್ಟ ಸಕ್ಕರೆ, ವೆನಿಲ್ಲಾ, ಚಾಕೊಲೇಟ್, ಅವುಗಳ ಹಿಂದೆ ಸೌದೆ ಒಲೆಯಂಥ ಹೊಗೆಯನ್ನು ಗುರುತಿಸುತ್ತಾರೆ. ವೆನಿಲ್ಲಾ ಯಾರೋ ಹಾಕಿದ್ದಲ್ಲ. ಓಕ್ ಮರದ ಲಿಗ್ನಿನ್ ಒಡೆದಾಗ ವೆನಿಲಿನ್ ಹುಟ್ಟುತ್ತದೆ. ಹೊಗೆಯ ವಾಸನೆಗೆ ಕಾರಣ ಪೀಟ್‌ನಿಂದ ಬಂದ ಫಿನಾಲ್‌ಗಳು.

ಈಗ ‘ಹಳೆಯದಾದಷ್ಟೂ’ ಎಂಬ ಮಾತಿಗೆ ಬರೋಣ. ಮೈಸೂರಿನಿಂದ ಬೆಂಗಳೂರಿಗೆ ಹೋಗುವಾಗ ಕೆಂಗೇರಿಗೆ ಮೊದಲೇ ಸಿಗುವ ಕಂಬೀಪುರದಲ್ಲಿ ಅಮೃತ್‌ನ ಪೀಪಾಯಿಗಳಿವೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು, ಒಳ್ಳೆಯ ಬಿಸಿಲು. ಮರದ ಸಂದಿಯಿಂದ ಮದ್ಯ ಆವಿಯಾಗುತ್ತಲೇ ಇರುತ್ತದೆ. ಇದಕ್ಕೆ ‘ದೇವತೆಗಳ ಪಾಲು’ ಎಂಬ ಚೆಂದದ ಹೆಸರಿದೆ. ಸ್ಕಾಟ್ಲೆಂಡಿನ ದೇವತೆಗಳು ವರ್ಷಕ್ಕೆ ಶೇ 2ರಷ್ಟಕ್ಕೆ ತೃಪ್ತರು. ನಮ್ಮ ದೇವತೆಗಳಿಗೆ ಶೇ 10ರಿಂದ 12 ಬೇಕು! ಲೆಕ್ಕ ಹಾಕಿ ನೋಡಿ: 200 ಲೀಟರ್ ತುಂಬಿಸಿ 8 ವರ್ಷ ಬಿಟ್ಟರೆ ಅಲ್ಲಿ ಸುಮಾರು 170 ಲೀಟರ್ ಉಳಿಯುತ್ತದೆ, ಶೇ 10ರ ಲೆಕ್ಕದಲ್ಲಿ ಇಲ್ಲಿ 86. ಬಿಸಿ ಇದ್ದಷ್ಟೂ ಮರದ ಅಂಶ ಇಳಿಯುವುದೂ ಬೇಗ. ಆದ್ದರಿಂದ ಇಲ್ಲಿ ನಾಲ್ಕೈದು ವರ್ಷಕ್ಕೇ ಮಾಗುವ ಮದ್ಯವನ್ನು ಇನ್ನೂ ಬಿಟ್ಟರೆ ಮರದ ಒಗರು, ಕಹಿ ಮೇಲಾಗುತ್ತದೆ. ವಯಸ್ಸಿನ ಸಂಖ್ಯೆಯೊಂದನ್ನೇ ನೋಡಿ ಗುಣ ಹೇಳಲಾಗದು. ಇನ್ನು ಗಾಜಿನ ಬಾಟಲಿಗೆ ಇಳಿದ ಮೇಲೆ ಮಾಗುವುದೇ ನಿಲ್ಲುತ್ತದೆ. ಅಟ್ಟದ ಮೇಲೆ 30 ವರ್ಷದಿಂದ ಇಟ್ಟಿರುವ ಬಾಟಲಿಗೆ ಧೂಳು ಹೆಚ್ಚಿರುತ್ತದೆ, ರುಚಿಯಲ್ಲ.

ಶೀತಕ್ಕೆ ಬ್ರಾಂಡಿ?

ಇದನ್ನು ನಂಬಲು ಕಾರಣವಿದೆ: ಕುಡಿದ ಕೂಡಲೇ ಮೈ ಬೆಚ್ಚಗಾದಂತೆ ಅನಿಸುತ್ತದೆ. ಆದರೆ ಆಗುವುದೇನೆಂದರೆ ಚರ್ಮದ ರಕ್ತನಾಳಗಳು ಹಿಗ್ಗಿ, ಒಳಗಿನ ಬಿಸಿ ಹೊರಗೆ ಹೋಗುತ್ತದೆ. ಚಳಿಯಲ್ಲಿ ಇದು ದೇಹವನ್ನು ತಣ್ಣಗಾಗಿಸುತ್ತದೆ. ಶೀತಕ್ಕೆ ಕಾರಣವಾದ ವೈರಸ್‌ಗೆ ಏನೂ ಆಗುವುದಿಲ್ಲ.

ಮಕ್ಕಳ ಲೆಕ್ಕ ಇನ್ನೂ ಗಾಬರಿ ಹುಟ್ಟಿಸುತ್ತದೆ. ಎರಡು ಚಮಚ ಎಂದರೆ 10 ಮಿ.ಲೀ. ಶೇ 42.8ರ ಬ್ರಾಂಡಿಯಲ್ಲಿ ಅಷ್ಟಕ್ಕೆ ಸುಮಾರು 3.4 ಗ್ರಾಂ ಆಲ್ಕೋಹಾಲ್. 10 ಕೆ.ಜಿ. ತೂಕದ ಮಗುವಿಗೆ ಅದನ್ನು ಕುಡಿಸಿದರೆ 100 ಮಿ.ಲೀ. ರಕ್ತದಲ್ಲಿ ಅಂದಾಜು 50 ಮಿ.ಗ್ರಾಂ ಆಲ್ಕೋಹಾಲ್ ಸೇರಬಹುದು. ವಾಹನ ಓಡಿಸುವ ದೊಡ್ಡವರಿಗೆ ಕಾನೂನು ಹಾಕಿರುವ ಮಿತಿ 30 ಮಿ.ಗ್ರಾಂ! ಚಿಕ್ಕ ಮಕ್ಕಳಲ್ಲಿ ಆಲ್ಕೋಹಾಲ್ ರಕ್ತದ ಸಕ್ಕರೆಯನ್ನು ಹಠಾತ್ತನೆ ಇಳಿಸಬಲ್ಲದು; ಅದರಿಂದ ಫಿಟ್ಸ್ ಬರಬಹುದು. ದೊಡ್ಡವರೂ ನಿದ್ರೆ ಮಾತ್ರೆಯ ಜೊತೆ ಕುಡಿದರೆ ಉಸಿರಾಟಕ್ಕೇ ತೊಂದರೆ. ಬೆಲೆ ಹೆಚ್ಚಿನದಾದರೆ ಅಪಾಯ ಕಡಿಮೆ ಎಂದೂ ಇಲ್ಲ. ಕೊನ್ಯಾಕ್ ಇರಲಿ, ಕಾಕಂಬಿಯದ್ದಿರಲಿ, ಒಳಗಿರುವುದು ಅದೇ ಆಲ್ಕೋಹಾಲ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ.

ಈ ಸಂದೇಶ ನೋಡಿ ಯಾರಾದರೂ ಮಗುವಿಗೆ ಈಗಾಗಲೇ ಕುಡಿಸಿದ್ದು, ಮಗು ಮಂಕಾಗಿದ್ದರೆ, ವಾಂತಿ ಮಾಡುತ್ತಿದ್ದರೆ ಅಥವಾ ಎಬ್ಬಿಸಿದರೂ ಏಳದಿದ್ದರೆ ಮನೆಮದ್ದು ಹುಡುಕಬೇಡಿ. 108ಕ್ಕೆ ಕರೆ ಮಾಡಿ. ಮೈಸೂರಿನವರು ನೇರವಾಗಿ ಚೆಲುವಾಂಬ ಆಸ್ಪತ್ರೆಗೆ ಕರೆದೊಯ್ಯಬಹುದು. ಎಷ್ಟು ಕುಡಿಸಿದ್ದೀರಿ, ಎಷ್ಟು ಹೊತ್ತಾಯಿತು ಎಂಬುದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ. ಬಾಟಲಿಯನ್ನೂ ಜೊತೆಗೆ ಒಯ್ಯಿರಿ.