ರಂಗನತಿಟ್ಟು ಪಕ್ಷಿಧಾಮ: ದ್ವೀಪಗಳ ವೀಕ್ಷಣೆ, ಪ್ರವೇಶಾನುಮತಿ ಮತ್ತು ಶಿಬಿರ ಕುರಿತ ಮಾಹಿತಿ

ರಂಗನತಿಟ್ಟು ಪಕ್ಷಿಧಾಮವು ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ, ಕಾವೇರಿ ನದಿಯ ಪಾತ್ರದಲ್ಲಿರುವ ಚಿಕ್ಕ ಚಿಕ್ಕ ನಡುಗಡ್ಡೆಗಳ ಸಮೂಹವಾಗಿದೆ. ಶ್ರೀರಂಗಪಟ್ಟಣದಿಂದ ಸುಮಾರು 3 ಕಿ.ಮೀ. ಹಾಗೂ ಮೈಸೂರಿನಿಂದ ಸುಮಾರು 16 ಕಿ.ಮೀ. ದೂರದಲ್ಲಿದೆ. ಅಭಯಾರಣ್ಯದ ವಿಸ್ತೀರ್ಣ 0.67 ಚದರ ಕಿ.ಮೀ. ಮಾತ್ರ. 17ನೆಯ ಶತಮಾನದಲ್ಲಿ, ಮೈಸೂರಿನ ಅರಸರಾದ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ನದಿಗೆ ಅಡ್ಡಲಾಗಿ ಕಟ್ಟೆಯನ್ನು ಕಟ್ಟಿಸಿದ ಪರಿಣಾಮವಾಗಿ ಈ ನಡುಗಡ್ಡೆಗಳು ರೂಪುಗೊಂಡವು. ಪಕ್ಷಿತಜ್ಞ ಡಾ. ಸಲೀಂ ಅಲಿ ಅವರ ಸಲಹೆಯ ಮೇರೆಗೆ ಮೈಸೂರು ಸಂಸ್ಥಾನವು 1940ರಲ್ಲಿ ಇದನ್ನು ಪಕ್ಷಿಧಾಮವೆಂದು ಘೋಷಿಸಿತು. 2022ರಲ್ಲಿ ಇದು ಕರ್ನಾಟಕದ ಮೊದಲ ರಾಮ್ಸಾರ್ ಜೌಗುಪ್ರದೇಶವಾಗಿ ಅಂತರರಾಷ್ಟ್ರೀಯ ಮನ್ನಣೆಯನ್ನು ಪಡೆಯಿತು.

ದ್ವೀಪದ ಮೇಲೆ ಇಳಿಯಲು ಅಥವಾ ಡೇರೆ ಹಾಕಿ ತಂಗಲು ಅವಕಾಶವಿದೆಯೇ?

ಇಲ್ಲ. ಪ್ರವಾಸಿಗಳು, ಶಾಲಾ ತಂಡಗಳು ಮತ್ತು ಚಾರಣ ಸಂಘಗಳಿಗೆ ದ್ವೀಪಗಳ ಮೇಲೆ ಇಳಿಯಲು, ಅಡುಗೆ ಮಾಡಲು ಅಥವಾ ರಾತ್ರಿ ತಂಗಲು ಅನುಮತಿ ಇರುವುದಿಲ್ಲ. ದಡದಲ್ಲಿರುವ ಕಾಲುದಾರಿ ಹಾಗೂ ಹುಟ್ಟುಹಾಕುವ ದೋಣಿ, ಇವೆರಡರಿಂದಲೇ ವೀಕ್ಷಣೆ ಮಾಡತಕ್ಕದ್ದು. ಕುಶಾಲನಗರದ ಬಳಿಯ ಕಾವೇರಿ ನಿಸರ್ಗಧಾಮವೂ ನದಿಯ ದ್ವೀಪವೇ ಆಗಿದ್ದು, ಅಲ್ಲಿ ತೂಗುಸೇತುವೆಯ ಮೂಲಕ ಜನರು ನಡೆದುಹೋಗುವುದರಿಂದ ಇಲ್ಲಿಯೂ ಹಾಗೆಯೇ ಇರಬಹುದೆಂದು ಅನೇಕರು ಭಾವಿಸುತ್ತಾರೆ. ನಿಸರ್ಗಧಾಮವು ವಿಹಾರಕ್ಕಾಗಿ ಅಭಿವೃದ್ಧಿಪಡಿಸಿದ ತಾಣ. ರಂಗನತಿಟ್ಟು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ಕ್ಕೆ ಒಳಪಟ್ಟ ಅಭಯಾರಣ್ಯ. ಒಂದರ ನಿಯಮವು ಇನ್ನೊಂದಕ್ಕೆ ಅನ್ವಯಿಸುವುದಿಲ್ಲ.

ನಿರ್ಬಂಧಕ್ಕೆ ಕಾರಣಗಳು

ಬಣ್ಣದ ಕೊಕ್ಕರೆ, ಬಾಯ್ಕಳಕ ಕೊಕ್ಕರೆ, ಚಮಚದ ಕೊಕ್ಕಿನ ಕೊಕ್ಕರೆ, ಬಿಳಿ ಕೆಂಬರಲು, ಹೆಜ್ಜಾರ್ಲೆ, ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿ ಮುಂತಾದ ಹಕ್ಕಿಗಳು ಇಲ್ಲಿನ ಹೊಳೆಮತ್ತಿ, ಬಿದಿರು ಮತ್ತಿತರ ಮರಗಿಡಗಳ ಮೇಲೆ ಗುಂಪುಗುಂಪಾಗಿ ಗೂಡು ಕಟ್ಟುತ್ತವೆ. ಒಂದೇ ಮರದಲ್ಲಿ ಹತ್ತಾರು ಗೂಡುಗಳಿರುವುದು ಸಾಮಾನ್ಯ. ಸುತ್ತಲೂ ನೀರಿರುವುದರಿಂದ ನೆಲದ ಬೇಟೆಗಾರ ಪ್ರಾಣಿಗಳು ಸುಲಭವಾಗಿ ಬರಲಾರವೆಂಬುದೇ ಹಕ್ಕಿಗಳು ಈ ಸ್ಥಳವನ್ನು ಆರಿಸಿಕೊಳ್ಳಲು ಮುಖ್ಯ ಕಾರಣ. ಮನುಷ್ಯನು ದ್ವೀಪಕ್ಕೆ ಕಾಲಿಟ್ಟಾಗ ಆ ಭದ್ರತೆಯೇ ಇಲ್ಲವಾಗುತ್ತದೆ. ಗುಂಪಿನಲ್ಲಿ ಒಂದು ಹಕ್ಕಿ ಬೆದರಿ ಹಾರಿದರೆ ಅಕ್ಕಪಕ್ಕದ ಗೂಡುಗಳ ಹಕ್ಕಿಗಳೂ ಏಳುತ್ತವೆ. ತಾಯಿಹಕ್ಕಿ ಇಲ್ಲದ ಗೂಡಿನಿಂದ ಮೊಟ್ಟೆಯನ್ನು ಒಯ್ಯಲು ಕಾಗೆಗೆ ಕೆಲವೇ ನಿಮಿಷಗಳು ಸಾಕು. ಬೇಸಿಗೆಯಲ್ಲಿ ಬಣ್ಣದ ಕೊಕ್ಕರೆಯು ರೆಕ್ಕೆಗಳನ್ನು ಅಗಲಿಸಿ ನಿಂತು ಮರಿಗಳಿಗೆ ನೆರಳು ನೀಡುತ್ತದೆ; ಆ ನೆರಳು ತಪ್ಪಿದರೆ ಪುಕ್ಕ ಬಾರದ ಮರಿಗಳು ಬಿಸಿಲಿಗೆ ಸಾಯುತ್ತವೆ. ದಡದಲ್ಲಿ ನಿಂತು ಕೂಗುವುದು, ಚಪ್ಪಾಳೆ ತಟ್ಟಿ ಹಕ್ಕಿಗಳನ್ನು ಎಬ್ಬಿಸುವುದು ಇವುಗಳ ಪರಿಣಾಮವೂ ಇದೇ.

ರಾತ್ರಿಯಲ್ಲಿ ಪಕ್ಷಿಧಾಮ ಮಲಗಿರುತ್ತದೆಂಬ ಭಾವನೆಯೂ ಸರಿಯಲ್ಲ. ಇರುಳು ಬಕ ಹಾಗೂ ಮರಗಳಲ್ಲಿ ತೂಗುವ ದೊಡ್ಡ ಬಾವಲಿಗಳು ಮುಸ್ಸಂಜೆಯಲ್ಲಿ ಆಹಾರಕ್ಕೆ ಹೊರಡುತ್ತವೆ. ಅದೇ ವೇಳೆಗೆ ಹಗಲಿನ ಹಕ್ಕಿಗಳು ಮರಳಿ ಬಂದು ಕೂರುತ್ತವೆ. ಬೆಂಕಿ, ಟಾರ್ಚ್ ಬೆಳಕು ಹಾಗೂ ಧ್ವನಿಯಿಂದ ಕತ್ತಲಲ್ಲಿ ಬೆದರಿ ಎದ್ದ ಹಕ್ಕಿಯು ಮತ್ತೆ ತನ್ನ ಗೂಡನ್ನು ಸೇರುವುದು ಕಷ್ಟ.

ಮನುಷ್ಯರ ಸುರಕ್ಷತೆಯೂ ಅಷ್ಟೇ ಮುಖ್ಯ. ಇಲ್ಲಿನ ನೀರಿನಲ್ಲಿ ಮೊಸಳೆಗಳಿವೆ. ಹಗಲಿನಲ್ಲಿ ಬಂಡೆಗಳ ಮೇಲೆ ಅಲುಗಾಡದೆ ಬಿಸಿಲು ಕಾಯುವ ಇವು ರಾತ್ರಿಯಲ್ಲಿ ಚುರುಕಾಗಿ ಬೇಟೆಯಾಡುತ್ತವೆ. ಮಿಗಿಲಾಗಿ, ನದಿಯ ಮೇಲ್ಭಾಗದಲ್ಲಿ ಕೃಷ್ಣರಾಜಸಾಗರ ಜಲಾಶಯವಿದೆ. ಅಲ್ಲಿಂದ ಹೆಚ್ಚು ನೀರು ಬಿಟ್ಟಾಗ ತಗ್ಗಿನ ದ್ವೀಪಗಳು ಮುಳುಗುತ್ತವೆ. ಶ್ರೀರಂಗಪಟ್ಟಣದಲ್ಲಿ ಮಳೆಯ ಹನಿಯೂ ಇಲ್ಲದ ದಿನ ಕೊಡಗಿನ ಮಳೆಯಿಂದ ಇಲ್ಲಿ ಪ್ರವಾಹ ಬರಬಹುದು. 2018 ಮತ್ತು 2019ರ ಮಳೆಗಾಲದಲ್ಲಿ ಪ್ರವಾಹದ ಕಾರಣ ದೋಣಿ ವಿಹಾರವನ್ನು ಸ್ಥಗಿತಗೊಳಿಸಲಾಗಿತ್ತು. ಬರಿಯ ಬಂಡೆಯ ಮೇಲೆ ಮೊಟ್ಟೆಯಿಡುವ ನದಿ ರೀವದಂತಹ ಹಕ್ಕಿಗಳಿಗೆ ನೀರಿನ ಏರಿಕೆಯೇ ದೊಡ್ಡ ಅಪಾಯ. ಅವುಗಳಿಗೆ ಜನರ ತುಳಿತವೂ ಸೇರಬಾರದು.

ಕಾನೂನಿನ ಉಪಬಂಧಗಳು

ಅಧಿನಿಯಮದ 27ನೇ ಪ್ರಕರಣದ ಪ್ರಕಾರ, ಕರ್ತವ್ಯನಿರತ ಸರ್ಕಾರಿ ನೌಕರರು ಮತ್ತು ಅಲ್ಲಿ ಹೆಸರಿಸಿರುವ ಕೆಲವು ವರ್ಗದವರ ಹೊರತು ಯಾರೂ ಅನುಮತಿಪತ್ರವಿಲ್ಲದೆ ಅಭಯಾರಣ್ಯವನ್ನು ಪ್ರವೇಶಿಸುವಂತಿಲ್ಲ ಅಥವಾ ಅಲ್ಲಿ ವಾಸಿಸುವಂತಿಲ್ಲ. ವನ್ಯಪ್ರಾಣಿಗಳನ್ನು ಕೆಣಕುವುದು ಮತ್ತು ಕಸ ಎಸೆಯುವುದನ್ನು ಇದೇ ಪ್ರಕರಣ ನಿಷೇಧಿಸುತ್ತದೆ. 30ನೇ ಪ್ರಕರಣವು ಬೆಂಕಿಗೆ, 31ನೇ ಪ್ರಕರಣವು ಆಯುಧಗಳಿಗೆ ಸಂಬಂಧಿಸಿದೆ. ಉಲ್ಲಂಘನೆಗೆ 2022ರ ತಿದ್ದುಪಡಿಯ ತರುವಾಯ ಸಾಮಾನ್ಯವಾಗಿ ಮೂರು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದು. ಬೇಟೆಯ ಅಪರಾಧಗಳಿಗೆ ಶಿಕ್ಷೆ ಇದಕ್ಕಿಂತ ಕಠಿಣವಾಗಿದೆ.

ಯಾವುದಕ್ಕೆ ಅರ್ಜಿ ಸಲ್ಲಿಸಬಹುದು?

28ನೇ ಪ್ರಕರಣದಡಿ ವನ್ಯಜೀವಿಗಳ ಅಧ್ಯಯನ, ವೈಜ್ಞಾನಿಕ ಸಂಶೋಧನೆ, ಪ್ರವಾಸೋದ್ಯಮ, ಛಾಯಾಗ್ರಹಣ ಹಾಗೂ ಚಿತ್ರೀಕರಣ, ಮತ್ತು ಅಭಯಾರಣ್ಯದ ನಿವಾಸಿಗಳೊಂದಿಗಿನ ಕಾನೂನುಬದ್ಧ ವ್ಯವಹಾರ, ಈ ಉದ್ದೇಶಗಳಿಗೆ ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ನೀಡಬಹುದಾಗಿದೆ. ಚಿತ್ರೀಕರಣದಿಂದ ಆವಾಸಕ್ಕಾಗಲಿ ವನ್ಯಜೀವಿಗಾಗಲಿ ಹಾನಿಯಾಗಬಾರದೆಂಬುದು ಕಾನೂನಿನಲ್ಲಿಯೇ ಸೇರಿರುವ ಷರತ್ತು. ಸಾಮಾನ್ಯ ವೀಕ್ಷಕರು ಇದಾವುದಕ್ಕೂ ಅರ್ಜಿ ಬರೆಯಬೇಕಾಗಿಲ್ಲ. ಪ್ರವೇಶದ್ವಾರದಲ್ಲಿ ಪಡೆಯುವ ಟಿಕೆಟ್ಟೇ ಅವರಿಗೆ ಸಾಕು.

ಸಂಶೋಧಕರು ಹಾಗೂ ಚಿತ್ರ ತಯಾರಕರು ಬೆಂಗಳೂರಿನ ಮಲ್ಲೇಶ್ವರದ ಅರಣ್ಯ ಭವನದಲ್ಲಿರುವ ಮುಖ್ಯ ವನ್ಯಜೀವಿ ಪರಿಪಾಲಕರ ಕಚೇರಿಗೆ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು. ಉದ್ದೇಶ, ದಿನಾಂಕಗಳು, ತಂಡದವರ ಹೆಸರು ಮತ್ತು ಬಳಸಲಿರುವ ಉಪಕರಣಗಳನ್ನು ಸ್ಪಷ್ಟವಾಗಿ ನಮೂದಿಸಿ, ವಿದ್ಯಾರ್ಥಿಗಳಾಗಿದ್ದಲ್ಲಿ ಸಂಸ್ಥೆಯ ಮುಖ್ಯಸ್ಥರ ಪತ್ರವನ್ನು ಲಗತ್ತಿಸುವುದು. "ಪಕ್ಷಿ ಅಧ್ಯಯನ" ಎಂದಷ್ಟೇ ಬರೆದ ಅರ್ಜಿಯಿಂದ ನಿರ್ಧಾರ ಕೈಗೊಳ್ಳಲು ಸಾಧ್ಯವಾಗುವುದಿಲ್ಲ; ಯಾವ ಹಕ್ಕಿ, ಎಲ್ಲಿಂದ, ಎಷ್ಟು ದಿನ ಎಂಬುದು ತಿಳಿಯಬೇಕು. ಹಕ್ಕಿಗಳನ್ನು ಹಿಡಿದು ಉಂಗುರ ತೊಡಿಸುವಂತಹ ಕೆಲಸಕ್ಕೆ 12ನೇ ಪ್ರಕರಣದಡಿ ಪ್ರತ್ಯೇಕ ಅನುಮತಿ ಅಗತ್ಯ. ಡ್ರೋನ್ ಬಳಕೆಗೂ ಪೂರ್ವಾನುಮತಿ ಇಲ್ಲದೆ ಅವಕಾಶವಿಲ್ಲ.

ಹಗಲಿನ ಭೇಟಿ

ದೋಣಿಯು ಬಂಡೆಗಳ ಸಮೀಪದವರೆಗೂ ಹೋಗುವುದರಿಂದ, ದ್ವೀಪಕ್ಕೆ ಇಳಿಯದಿದ್ದರೆ ಏನೂ ಕಾಣುವುದಿಲ್ಲವೆಂಬ ಚಿಂತೆ ಬೇಡ. ವಾಸ್ತವವಾಗಿ ಗೂಡುಗಳು ದ್ವೀಪದ ನೆಲದಿಂದ ಕಾಣುವುದಕ್ಕಿಂತ ನೀರಿನ ಮೇಲಿಂದಲೇ ಚೆನ್ನಾಗಿ ಕಾಣುತ್ತವೆ. ಬೆಳಗಿನ ಮೊದಲ ದೋಣಿಗಳು ಉತ್ತಮ. ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬರುತ್ತವೆ. ಬೇಸಿಗೆಯಲ್ಲಿ ಮರಿಗಳನ್ನು ಕಾಣಬಹುದು. ಮಳೆಗಾಲದಲ್ಲಿ ಹೊರಡುವ ಮುನ್ನ ದೋಣಿಗಳು ನಡೆಯುತ್ತಿವೆಯೇ ಎಂದು ವಿಚಾರಿಸುವುದು ಒಳ್ಳೆಯದು. ಜೀವರಕ್ಷಕ ಅಂಗಿಯನ್ನು ತೊಡಬೇಕು, ದೋಣಿಯಲ್ಲಿ ಎದ್ದು ನಿಲ್ಲಬಾರದು, ನೀರಿಗೆ ಕೈ ಇಳಿಬಿಡಬಾರದು. ದೋಣಿಯನ್ನು ಗೂಡಿನ ಬುಡಕ್ಕೆ ಒಯ್ಯುವಂತೆ ಅಂಬಿಗರನ್ನು ಒತ್ತಾಯಿಸಬಾರದು.

ರಾತ್ರಿ ತಂಗುವವರಿಗೆ ಶ್ರೀರಂಗಪಟ್ಟಣ ಮತ್ತು ಮೈಸೂರಿನಲ್ಲಿ ವಸತಿಗೃಹಗಳಿವೆ. ಕಾವೇರಿ ದಡದಲ್ಲಿಯೇ ಶಿಬಿರವಾಸ ಬಯಸುವವರು ಮಂಡ್ಯ ಜಿಲ್ಲೆಯ ಭೀಮೇಶ್ವರಿಯಲ್ಲಿ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆ ನಡೆಸುವ ಶಿಬಿರವನ್ನು ವಿಚಾರಿಸಬಹುದು. ಅಲ್ಲಿ ಮುಂಗಡ ಕಾಯ್ದಿರಿಸುವಿಕೆ ಅಗತ್ಯ.

ಗೂಡಿನಿಂದ ಬಿದ್ದ ಮರಿ ಕಂಡಲ್ಲಿ ಅದನ್ನು ಮುಟ್ಟದೆ, ಆಹಾರ ನೀಡದೆ, ಕೂಡಲೇ ಅಂಬಿಗರಿಗೆ ಅಥವಾ ಸಮೀಪದ ಅರಣ್ಯ ಸಿಬ್ಬಂದಿಗೆ ತಿಳಿಸತಕ್ಕದ್ದು.